ಆಪ್ತವಾಕ್ಯ

ವಿಶಾಖದತ್ತನ ಮುದ್ರಾರಾಕ್ಷಸ ನಾಟಕವನ್ನು ಓದಿದ ವಾಚಕರಿಗೆ ಅದರಲ್ಲಿಯ ಉಂಗುರದ ಕಥೆಯು ನೆನಪಿರಬಹುದು. ಅಮಾತ್ಯ ರಾಕ್ಷಸನು ಪಾಟಲಿಪುತ್ರವನ್ನು ಬಿಟ್ಟು ಹೋಗುವಾಗ ತನ್ನ ಹೆಂಡತಿ ಮಕ್ಕಳನ್ನು ಚಂದನದಾಸನೆಂಬ ರತ್ನವ್ಯಾಪಾರಿಯ ಮನೆಯಲ್ಲಿ ಗುಟ್ಟಾಗಿ ಇರಿಸಿದ್ದನು. ಒಂದು ದಿನ ಆ ಮನೆಯ ಬಾಗಿಲಿಗೆ ಹಾಡುತ್ತ ಬಂದವನನ್ನು ನೋಡಲು ಐದು ವರ್ಷದ ಕೂಸೊಂದು ಹೊರಗೆ ಓಡಿ ಬಂದಿತು. ತಾಯಿಯು ಗಾಬರಿಯಿಂದ ಅದನ್ನು ಒಳಗೆ ಎಳೆದುಕೊಳ್ಳುವಾಗ ಅವಳ ಬೆರಳಲ್ಲಿದ್ದ ಗಂಡನ ಮುದ್ರೆಯುಂಗುರವು ಜಾರಿ ಹೊಸ್ತಿಲಿನಾಚೆ ಉರುಳಿತು. ಹಾಡುವವನು ಚಾಣಕ್ಯನ ಗೂಢಚಾರನು. ಉಂಗುರವು ಚಾಣಕ್ಯನ ಕೈ ಸೇರಿತು. ಅದನ್ನು ಒತ್ತಿದ ಒಂದು ಪತ್ರವು ಹುಟ್ಟಿತು. ರಾಕ್ಷಸನು ಬರೆಯದ ಆ ಪತ್ರವು ರಾಕ್ಷಸನದೇ ಎಂದು ಅವನ ಮಿತ್ರ ಮಲಯಕೇತುವು ನಂಬಿದನು. ಖಡ್ಗದಿಂದ ಆಗದ ಕೆಲಸವು ಒಂದು ಉಂಗುರದಿಂದ ಆಯಿತು.

ನಮ್ಮ ಊರು ಬಸವಕಲ್ಯಾಣ ತಾಲೂಕಿನ ಮೋರಖಂಡಿ. ರಾಷ್ಟ್ರಕೂಟ ಮೂರನೆಯ ಗೋವಿಂದನು 9ನೆಯ ಶತಮಾನದ ಆರಂಭದಲ್ಲಿ ಮಯೂರಖಂಡಿಯಿಂದ ತಾಮ್ರಶಾಸನಗಳನ್ನು ಹೊರಡಿಸಿದನು; ಆ ಮಯೂರಖಂಡಿಯೇ ಈ ಮೋರಖಂಡಿಯೆಂದು ಕೆಲವು ಇತಿಹಾಸಕಾರರ ಮತ. ತಾಮ್ರದ ಹಲಗೆಗಳನ್ನು ಪೋಣಿಸಿದ ಬಳೆಯ ಮೇಲೆ ಅರಸನ ಮುದ್ರೆಯಿರುತ್ತಿತ್ತು. ಶಾಸನವನ್ನು ತಂದವನು ಯಾರಾದರೇನು, ಜನರು ನೋಡುತ್ತಿದ್ದುದು ಮುದ್ರೆಯನ್ನೇ ಇರಬೇಕು. ಇಂಥ ಊರಿನಲ್ಲಿ ಹುಟ್ಟಿ, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಕನ್ನಡ ಸಂಸ್ಕೃತಗಳನ್ನು ಕಲಿಸಿ, ಮುದ್ರಾರಾಕ್ಷಸದ ಕಥೆಯನ್ನು ವರ್ಷಕ್ಕೊಮ್ಮೆಯಾದರೂ ಹೇಳಿದ ನಾವು, ನಮ್ಮ ಮುದ್ರೆಯುಂಗುರವನ್ನು ನಾವೇ ಕಳಚಿ ಕಳ್ಳನ ಅಂಗೈಯಲ್ಲಿಟ್ಟೆವು. ಆ ಸಂಗತಿಯನ್ನು ಹೇಳಲು ನಾಚಿಕೆಯಾಗುತ್ತದೆ. ಆದರೆ ಆ ನಾಚಿಕೆಯಿಂದಲೇ ಹಾನಿಯು ಹೆಚ್ಚಿತಾದ್ದರಿಂದ ಮುಚ್ಚಿಡದೆ ಹೇಳುವದೇ ಒಳ್ಳೆಯದೆಂದು ಬಗೆದಿದ್ದೇವೆ.

ನಾವು ಕೆಲಸದಿಂದ ನಿವೃತ್ತರಾದ ಮೇಲೆ ಪುಣೆಯಲ್ಲಿರುವ ಮಗನು ಹೊಸ ಮೊಬೈಲನ್ನು ತಂದುಕೊಟ್ಟನು. ಸಂದೇಶ ಕಳುಹುವ ಆ್ಯಪನ್ನು ಅದರಲ್ಲಿ ಹಾಕಿ, ಹಳೆಯ ವಿದ್ಯಾರ್ಥಿಗಳ ಬಳಗಕ್ಕೆ ನಮ್ಮನ್ನು ಸೇರಿಸಿದನು. ಸುಖವು ಇರಲಿಲ್ಲವೆಂದು ಹೇಳಲಾರೆವು. ಎಂದೋ ಕಲಿತು ಎಲ್ಲಿಯೋ ನೆಲೆಸಿದ ಹುಡುಗರು ಒಂದೇ ಅಂಗಳದಲ್ಲಿ ಕೂಡಿದಂತಾಯಿತು. ಹೈದರಾಬಾದಿನಲ್ಲಿದ್ದವನು ತನ್ನ ಮಗಳ ಭಾವಚಿತ್ರವನ್ನು ಕಳುಹುವನು, ಹುಮನಾಬಾದಿನ ಶಿಕ್ಷಕಿಯೊಬ್ಬಳು ಸಂಧಿಯ ವಿಷಯದಲ್ಲಿ ಸಂದೇಹವನ್ನು ಕೇಳುವಳು. ಮುಪ್ಪಿನಲ್ಲಿ ಇದಕ್ಕಿಂತ ಹೆಚ್ಚಿನದನ್ನು ಒಬ್ಬ ಮಾಸ್ತರನು ಬಯಸಲಾರನು.

ತ್ರಾಸವೂ ಜತೆಗೇ ಬಂದಿತು. ಬೆಳಗಾಗುವ ಮುನ್ನವೇ ಶುಭೋದಯದ ಹೂಗಳು ನೂರಾರು ಬರುತ್ತಿದ್ದವು. ಸಕ್ಕರೆ ರೋಗಕ್ಕೆ ಮೂರು ದಿನದಲ್ಲಿ ಗುಣವಾಗುವ ಕಷಾಯ, ಚುನಾವಣೆಯ ಜಗಳ, ಹತ್ತು ಜನರಿಗೆ ಕಳುಹದಿದ್ದರೆ ಕೇಡಾಗುವದೆಂಬ ದೇವರ ಚಿತ್ರ, ಇವೆಲ್ಲ ಒಂದರ ಮೇಲೊಂದು ಬಿದ್ದು ಯಂತ್ರದಲ್ಲಿ ಜಾಗವೇ ಸಾಲದಾಯಿತು. ನಮ್ಮೊಡನೆ ಇಪ್ಪತ್ತು ವರ್ಷ ಕೆಲಸ ಮಾಡಿದ ಸಹೋದ್ಯೋಗಿಯೊಬ್ಬರು ತೀರಿಕೊಂಡ ಸುದ್ದಿಯು ಈ ಹೂಗಳ ರಾಶಿಯ ಕೆಳಗೆ ಹುಗಿದುಹೋಗಿ, ನಾವು ಕಂಡದ್ದು ಮೂರನೆಯ ದಿನ. ಮಣ್ಣಿಗೆ ಹೋಗಲು ಆಗಲಿಲ್ಲ. ಮೊದಲಾದರೆ ಒಬ್ಬ ಮನುಷ್ಯನು ಬಂದು ಬಾಗಿಲಲ್ಲಿ ನಿಂತು ಹೇಳಿ ಹೋಗುತ್ತಿದ್ದನು.

ಇನ್ನು ಮುಖ್ಯ ಸಂಗತಿ. 2024ರ ಶ್ರಾವಣ ಮಾಸದ ಒಂದು ಮುಂಜಾನೆ ನಾವು ಪೂಜೆಯನ್ನು ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದೆವು. ಹಳೆಯ ಶಿಷ್ಯನೊಬ್ಬನ ಹೆಸರಿನಿಂದ ಸಂದೇಶವು ಬಂದಿತು. ಪಕ್ಕದಲ್ಲಿ ಅವನ ನಗುಮುಖದ ಚಿತ್ರವೂ ಇದ್ದಿತು. ತನಗೆ ಬರಬೇಕಾದ ಆರು ಅಂಕಿಗಳ ಸಂಖ್ಯೆಯೊಂದು ತಪ್ಪಿ ನಮ್ಮ ಫೋನಿಗೆ ಬಂದಿದೆ, ಅವಸರವಿದೆ, ದಯಮಾಡಿ ತಿಳಿಸಬೇಕು ಎಂದು ಬರೆದಿತ್ತು. ನೋಡಿದರೆ ಅಂಥ ಸಂಖ್ಯೆಯು ನಿಜವಾಗಿಯೂ ಬಂದಿತ್ತು. ಯಾರಿಗೂ ಹೇಳಬೇಡಿರೆಂಬ ಇಂಗ್ಲಿಷ್ ಸೂಚನೆಯೂ ಅದರ ಕೆಳಗೆ ಇದ್ದಿತು. ಆದರೆ ಬೇಡುವವನು ಶಿಷ್ಯನು. ನಾವು ಸೂಚನೆಯನ್ನು ದಾಟಿ ಅಂಕಿಗಳನ್ನು ಒಂದೊಂದಾಗಿ ಬರೆದು ಕಳುಹಿದೆವು.

ಆ ಶಿಷ್ಯನ ಖಾತೆಯು ಹಿಂದಿನ ದಿನವೇ ಕಳ್ಳರ ವಶವಾಗಿದ್ದಿತೆಂಬುದು ಆಮೇಲೆ ತಿಳಿಯಿತು. ಅವನ ಮುಖವಾಡವನ್ನು ಧರಿಸಿ ನಮ್ಮ ಬಳಿಗೆ ಬಂದಿದ್ದರು. ಈಗ ನಮ್ಮ ಮುಖವಾಡವೂ ಅವರಿಗೆ ದೊರೆಯಿತು. ಆ ಆರು ಅಂಕಿಗಳೆಂದರೆ ನಮ್ಮ ಖಾತೆಯನ್ನು ಮತ್ತೊಂದು ಯಂತ್ರದಲ್ಲಿ ತೆರೆಯುವ ಕೀಲಿಕೈ. ಕಳ್ಳನು ತನ್ನ ಯಂತ್ರದಲ್ಲಿ ನಮ್ಮ ಫೋನಿನ ಸಂಖ್ಯೆಯನ್ನು ಒತ್ತಿದ್ದನು. ಕಂಪನಿಯು ನಿಜವಾದ ಒಡೆಯನು ನೀನೇನೋ ಎಂದು ಪರೀಕ್ಷಿಸಲು ಕೀಲಿಯನ್ನು ನಮಗೆ ಕಳುಹಿತ್ತು. ನಾವು ಅದನ್ನು ಅವನಿಗೆ ದಾಟಿಸಿದೆವು. ಕ್ಷಣಮಾತ್ರದಲ್ಲಿ ನಮ್ಮ ಯಂತ್ರದಲ್ಲಿಯ ಖಾತೆಯು ಮುಚ್ಚಿಹೋಯಿತು.

ಏನೋ ಕೆಟ್ಟಿದೆಯೆಂದು ನಾವು ಯಂತ್ರವನ್ನು ಆರಿಸಿ, ಹೊತ್ತಿಸಿ, ಮತ್ತೆ ಆರಿಸಿ ನೋಡುತ್ತಿದ್ದೆವು. ಅಷ್ಟರಲ್ಲಿ ಹುಮನಾಬಾದಿನ ಶಿಕ್ಷಕಿಯು ಫೋನು ಮಾಡಿದಳು.

“ಗುರುಗಳೇ, ನೀವು ದವಾಖಾನ್ಯಾಗ ಇದ್ದೀರೇನ್ರಿ?”

“ಇಲ್ಲವಮ್ಮಾ, ಮನೆಯಲ್ಲಿಯೇ ಇದ್ದೇವೆ. ಯಾಕೆ?”

“ನಿಮ್ಮ ಹೆಸರಿಂದ ಮೆಸೇಜ್ ಬಂದಾವ್ರಿ. ನಾನು ದವಾಖಾನ್ಯಾಗ ಇದ್ದೀನಿ, ಅರ್ಜೆಂಟ್ ರೊಕ್ಕ ಬೇಕು, ಈ ನಂಬರಿಗೆ ಹಾಕು ಅಂತ. ನನಗ ಅಲ್ಲೇ ಸಂಶೇ ಬಂತ್ರಿ. ನೀವು ನಮಗ ಎಂದರ ‘ನಾನು’ ಅಂದೀರೇನ್ರಿ? ‘ನಾವು’ ಅಂತಿದ್ರಿ. ಮ್ಯಾಲಾಗಿ ಕನ್ನಡಾನ ಇಂಗ್ಲಿಷ್ ಅಕ್ಷರದಾಗ ಬರದಿತ್ತು.”

ನಮ್ಮ ಮಾತಿನ ಈ ಚಾಳಿಯನ್ನು ಕುರಿತು ಹಿಂದೆ ಹುಡುಗರು ಮರೆಯಲ್ಲಿ ನಗುತ್ತಿದ್ದುದನ್ನು ನಾವು ಬಲ್ಲೆವು. ಅಂದು ಅದೇ ನಮ್ಮ ಉಳಿದ ಮುದ್ರೆಯಾಯಿತು.

ಇಲ್ಲಿ ನಮ್ಮ ಎರಡನೆಯ ತಪ್ಪನ್ನು ಹೇಳಬೇಕು. ಅದು ಮೊದಲನೆಯದಕ್ಕಿಂತ ದೊಡ್ಡದು. ತಿಳಿದ ಕೂಡಲೆ ಮಗನಿಗೆ, ಬ್ಯಾಂಕಿಗೆ, ಪೋಲೀಸರಿಗೆ ಹೇಳಬೇಕಾಗಿತ್ತು. ನಾವು ಹೇಳಲಿಲ್ಲ. ಊರಿಗೆಲ್ಲ ಬುದ್ಧಿ ಹೇಳಿದ ಮಾಸ್ತರನೇ ಮೋಸಹೋದನೆಂದರೆ ಜನರು ಏನೆಂದಾರು ಎಂಬ ಅಳುಕಿನಿಂದ ಸಂಜೆಯ ತನಕ ಬಾಯಿ ಮುಚ್ಚಿಕೊಂಡು ಕುಳಿತೆವು. ಮನೆಯವರು ಊಟಕ್ಕೆ ಕರೆದರೆ ಹಸಿವಿಲ್ಲವೆಂದೆವು. ಆ ಶಿಕ್ಷಕಿಗೂ, ಯಾರಿಗೂ ಹೇಳಬೇಡ, ನಾವೇ ಸರಿಪಡಿಸುವೆವು ಎಂದು ತಾಕೀತು ಮಾಡಿದೆವು.

ನಾವು ಹೀಗೆ ಮಾನವನ್ನು ಕಾಯ್ದುಕೊಂಡು ಕುಳಿತಾಗಲೇ ಇನ್ನೊಬ್ಬ ಶಿಷ್ಯನು 8,000 ರೂಪಾಯಿಗಳನ್ನು ಕಳುಹಿದ್ದನು. ಅವನು ಎರಡೆಕರೆ ಹೊಲದಲ್ಲಿ ತೊಗರಿ ಹಾಕುವವನು. ಗೊಬ್ಬರದ ಅಂಗಡಿಯ ಬಾಕಿಗೆಂದು ಇಟ್ಟುಕೊಂಡ ಹಣವದು. ಮುಂಜಾನೆಯೇ ಹೇಳಿದ್ದರೆ ಅವನು ಮೋಸಹೋಗುತ್ತಿರಲಿಲ್ಲ. ರಾತ್ರಿ ಮಗನಿಗೆ ತಿಳಿಸಿ, 1930ಕ್ಕೆ ಫೋನು ಮಾಡಿಸಿ ದೂರು ಬರೆಸುವಷ್ಟರಲ್ಲಿ ಆ ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ಹಾರಿ ಹೋಗಿತ್ತು.

ಮರುದಿನ ನಾವು ಹಣವನ್ನು ತೆಗೆದುಕೊಂಡು ಅವನ ಮನೆಗೆ ಹೋದೆವು. ಅವನು ಕೈಮುಗಿದು ಹಿಂದೆ ಸರಿದನು.

“ಬ್ಯಾಡ್ರಿ ಗುರುಗಳೇ. ನೀವು ಚಂದಾಗಿ ಇದ್ದೀರಲ್ಲಾ, ಅಷ್ಟಾತು. ನಾ ರಾತ್ರಿ ದವಾಖಾನಿ ಹುಡುಕ್ಕೋತ ಬಸವಕಲ್ಯಾಣ ಎಲ್ಲಾ ತಿರುಗಿನ್ರಿ.”

ಪಿಂಚಣಿಯ ಹಣವು ನಮ್ಮ ಕೈಯಲ್ಲಿಯೇ ಉಳಿಯಿತು. ಕಳ್ಳನು ಕದ್ದದ್ದು ಎಂಟು ಸಾವಿರ ರೂಪಾಯಿಯೆಂದು ದೂರಿನಲ್ಲಿ ಬರೆದಿದೆ. ನಿಜವಾಗಿ ಅವನು ಬಳಸಿಕೊಂಡದ್ದು ಗುರುವಿನ ಹೆಸರು ಕೇಳಿದೊಡನೆ ಹಿಂದುಮುಂದು ನೋಡದೆ ಕೊಡುವ ಆ ಹುಡುಗನ ಮನಸ್ಸನ್ನು. ಮುಂದೆ ನಾವು ನಿಜವಾಗಿಯೇ ದವಾಖಾನೆಯಲ್ಲಿ ಬಿದ್ದು ಸಂದೇಶ ಕಳುಹಿದರೆ ಯಾರು ನಂಬುವರು?

ಖಾತೆಯನ್ನು ತಿರುಗಿ ಪಡೆಯುವದೂ ಒಂದು ತಪಸ್ಸೇ ಆಯಿತು. ಹೊಸ ಆರಂಕಿಯನ್ನು ತರಿಸಿಕೊಂಡು ಒತ್ತಿದಾಗ ಕಳ್ಳನು ಹೊರಬಿದ್ದನು. ಆದರೆ ಅವನು ಒಳಗಿನಿಂದ ತನ್ನದೊಂದು ಗುಪ್ತಸಂಖ್ಯೆಯ ಅಗಳಿಯನ್ನು ಹಾಕಿದ್ದನು. ಅದು ಗೊತ್ತಿಲ್ಲದವರು ಏಳು ದಿನ ಕಾಯಬೇಕೆಂದು ಯಂತ್ರವು ಹೇಳಿತು. ಮೊರೆಯಿಡೋಣವೆಂದರೆ ನಮಗೆ ಈ ಕಂಪನಿಯ ಕಚೇರಿಯ ಬಾಗಿಲು ಕಾಣಲಿಲ್ಲ, ಗುಮಾಸ್ತನು ಸಿಗಲಿಲ್ಲ. ಬರೆದ ಪತ್ರಕ್ಕೆ ಯಂತ್ರವೇ ಉತ್ತರವನ್ನು ಕೊಟ್ಟಿತು. ತಹಸೀಲ ಕಚೇರಿಯಲ್ಲಿ ನಾಳೆ ಬಾ ಎನ್ನುವವನ ಮುಖವನ್ನಾದರೂ ಕಾಣಬಹುದು.

ಆ ಏಳು ದಿನಗಳು ನಮಗೆ ಇನ್ನೊಂದು ಲೆಕ್ಕವನ್ನು ನೆನಪಿಸಿದವು. ಮೋಸಹೋದವರೆಂದು ಎಲ್ಲರೂ ನಮ್ಮನ್ನು ಸಂತೈಸುತ್ತಿದ್ದರು. ಆದರೆ ಇಂಥದೇ ಯಂತ್ರದಿಂದ ನಾವೂ ಒಮ್ಮೆ ಪರರನ್ನು ಮೋಸಗೊಳಿಸಿದ್ದೆವು. ಆರು ವರ್ಷಗಳವರೆಗೆ ಅದನ್ನು ಯಾರೆದುರಿಗೂ ಆಡಿರಲಿಲ್ಲ.

2018ರ ಬೇಸಿಗೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಗುಲ್ಲು ದೇಶದಲ್ಲೆಲ್ಲ ಹಬ್ಬಿತು. ಮೋಟಾರ್ ಸೈಕಲಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುವ ಹುಡುಗನನ್ನು ಎತ್ತಿಕೊಂಡು ಹೋಗುವ ಒಂದು ವಿಡಿಯೋ ವಾಟ್ಸಾಪಿನಲ್ಲಿ ಮನೆಮನೆಗೂ ಬಂದಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಬಗೆಗೆ ಎಚ್ಚರಿಕೆಯಿರಲೆಂದು ತಿಳಿಹೇಳಲು ಮಾಡಿದ ಅಭಿನಯದ ಚಿತ್ರವು. ಕೊನೆಯಲ್ಲಿ ಎತ್ತಿಕೊಂಡು ಹೋದವರೇ ಹುಡುಗನನ್ನು ತಂದು ಬಿಟ್ಟು, ತಿಳಿವಳಿಕೆಯ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹಾಕಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ದುಡಿದು ತಿನ್ನಲು ರಾಜಸ್ಥಾನದಿಂದ ಬಂದ ಒಬ್ಬನನ್ನು ಜನರು ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಈನಪಾಡಾದಲ್ಲಿ, ಭಿಕ್ಷೆಯಿಂದ ಜೀವಿಸುವ ಅಲೆಮಾರಿ ಪಂಗಡದ ಐವರು ಹೀಗೆಯೇ ಸತ್ತರು.

ನಾವು ಆಗ ಇನ್ನೂ ಶಾಲೆಯಲ್ಲಿದ್ದೆವು. ಮಕ್ಕಳ ಹೊಣೆಯು ನಮ್ಮ ಮೇಲಿದೆಯೆಂಬ ಭಾವನೆಯಿಂದ, ಆ ವಿಡಿಯೋವನ್ನು ಪಾಲಕರಿಗೂ ಬಂಧುಗಳಿಗೂ, ಒಟ್ಟು ಹನ್ನೊಂದು ಕಡೆಗೆ ಕಳುಹಿದೆವು. ‘ಎಚ್ಚರವಾಗಿರಿ’ ಎಂದು ಎರಡು ಮಾತುಗಳನ್ನು ನಮ್ಮ ಕೈಯಿಂದ ಸೇರಿಸಿಯೂ ಇದ್ದೆವು. ಮಾಸ್ತರರು ಕಳುಹಿದ್ದಾರೆಂದ ಮೇಲೆ ಸಂದೇಹಪಡುವವರು ಯಾರು?

2018ರ ಜುಲೈ 13ರಂದು ನಮ್ಮದೇ ಬೀದರ ಜಿಲ್ಲೆಯ ಔರಾದ ಭಾಗಕ್ಕೆ ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಬಂದಿದ್ದರು. ಅವರಲ್ಲೊಬ್ಬನು ಹೊರದೇಶದಿಂದ ಬಂದವನು. ಹಂದಿಕೇರಾದ ಬಳಿ ಶಾಲೆಯ ಮಕ್ಕಳಿಗೆ ಪ್ರೀತಿಯಿಂದ ಚಾಕಲೇಟು ಕೊಟ್ಟರು. ಕಂಡವರಿಗೆ ಸಂಶಯ ಬಂದು ಗದ್ದಲವಾಯಿತು. ಅವರು ಕಾರನ್ನೇರಿ ಹೊರಟರು. ಆದರೆ ಕಾರಿಗಿಂತ ಸಂದೇಶವು ಮುಂದೆ ಓಡಿತು. ಮಕ್ಕಳ ಕಳ್ಳರು ಬರುತ್ತಿದ್ದಾರೆಂಬ ಸುದ್ದಿಯು ವಾಟ್ಸಾಪಿನಿಂದ ಮುರ್ಕಿ ಗ್ರಾಮವನ್ನು ಮುಟ್ಟಿ, ಅಲ್ಲಿ ದಾರಿಯನ್ನು ಕಟ್ಟಿದ್ದರು. ಕಾರು ಉರುಳಿಬಿದ್ದಿತು. ಬಿಡಿಸಲು ಬಂದ ಪೋಲೀಸರೂ ಪೆಟ್ಟು ತಿಂದರು. ಮೂವತ್ತರ ಪ್ರಾಯದ ಒಬ್ಬ ಸಾಫ್ಟ್‌ವೇರ್ ಇಂಜಿನಿಯರನು ಅಲ್ಲಿ ಪ್ರಾಣವನ್ನು ಬಿಟ್ಟನು. ಅವನ ಗೆಳೆಯರು ಗಾಯಗೊಂಡರು. ಮುಂದೆ ಸುಮಾರು 30 ಜನರು ಬಂಧಿತರಾದರು; ಸಂದೇಶವನ್ನು ಹರಡಿದ ಗುಂಪಿನ ಮುಖ್ಯಸ್ಥನೂ ಅವರಲ್ಲಿದ್ದನು.

ನಾವು ಕಳುಹಿದ ವಿಡಿಯೋ ಕೈಯಿಂದ ಕೈಗೆ ದಾಟಿ ಮುರ್ಕಿಗೆ ಹೋಯಿತೆಂದು ಹೇಳಲಾರೆವು; ಹೋಗಲಿಲ್ಲವೆಂದು ಹೇಳುವ ಧೈರ್ಯವೂ ನಮಗಿಲ್ಲ. ದಾರಿ ಕಟ್ಟಿದವರು ಹುಟ್ಟುಕಟುಕರಲ್ಲ; ನಮ್ಮಂತೆಯೇ ಮಕ್ಕಳುಳ್ಳ ಗೃಹಸ್ಥರು. ಅವರಿಗೆ ಆ ಸುದ್ದಿಯನ್ನು ತಂದವರು ಅಪರಿಚಿತರಲ್ಲ. ಅಣ್ಣನೋ ಮಾವನೋ, ಒಬ್ಬ ಮಾಸ್ತರನೋ ಇದ್ದಿರಬೇಕು. ಆದುದರಿಂದಲೇ ಅವರು ನಂಬಿದರು.

ಅದೇ ಜುಲೈ ತಿಂಗಳಲ್ಲಿ ವಾಟ್ಸಾಪಿನವರು, ದಾಟಿ ಬಂದ ಸಂದೇಶಗಳಿಗೆ ‘ಫಾರ್ವರ್ಡೆಡ್’ ಎಂಬ ಗುರುತನ್ನು ಹಚ್ಚಿದರು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ದಾಟಿಸದಂತೆ ಕಟ್ಟು ಮಾಡತೊಡಗಿದರು. 2020ರಲ್ಲಿ, ಬಹಳ ಕೈ ದಾಟಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಬಹುದೆಂದು ಮತ್ತಷ್ಟು ಬಿಗಿ ಮಾಡಿದರು. ಇದು ಒಳ್ಳೆಯದೇ. ಆದರೆ ಒಡ್ಡು ಹಾಕಿದರೆ ನೀರಿನ ಓಟವು ತಗ್ಗುವದು, ನೀರು ತಿಳಿಯಾಗದು.

ನ್ಯಾಯಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂದು ನಾಲ್ಕು ಪ್ರಮಾಣಗಳನ್ನು ಹೇಳಿದ್ದಾರೆ. ಕೊನೆಯದಾದ ಶಬ್ದವೆಂದರೆ ಆಪ್ತನ ಮಾತು. ಕನ್ನಡದಲ್ಲಿ ನಾವು ಆಪ್ತನೆಂದರೆ ಬೇಕಾದವನು, ಹತ್ತಿರದವನು ಎಂದುಕೊಳ್ಳುತ್ತೇವೆ. ಶಾಸ್ತ್ರದಲ್ಲಿ ಅದು ಬೇರೆ. ನ್ಯಾಯಸೂತ್ರಗಳಿಗೆ ಭಾಷ್ಯವನ್ನು ಬರೆದ ವಾತ್ಸ್ಯಾಯನನ ಮತದಲ್ಲಿ, ಸಂಗತಿಯನ್ನು ತಾನು ಸಾಕ್ಷಾತ್ತಾಗಿ ಅರಿತು, ಅರಿತದ್ದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನು. ಅವನು ಋಷಿಯಾಗಿರಲಿ, ಆರ್ಯನಾಗಿರಲಿ, ಮ್ಲೇಚ್ಛನಾಗಿರಲಿ, ಲಕ್ಷಣವು ಒಂದೇ ಎಂದು ಆ ಆಚಾರ್ಯನು ಸ್ಪಷ್ಟವಾಗಿ ಹೇಳಿದ್ದಾನೆ. ಅಂದ ಮೇಲೆ ತಾನು ಕಾಣದ್ದನ್ನು ದಾಟಿಸುವ ಒಡಹುಟ್ಟಿದವನೂ ಆ ಮಾತಿನ ಮಟ್ಟಿಗೆ ಆಪ್ತನಲ್ಲ. ಕಂಡದ್ದನ್ನು ಕಂಡಂತೆ ಹೇಳುವ ಪರಊರಿನವನು ಆಪ್ತನು. ಈ ಲಕ್ಷಣವನ್ನು ನಾವು ಎಂದೋ ಬಾಯಿಪಾಠ ಮಾಡಿದ್ದೆವು. ಆದರೂ ಶಿಷ್ಯನ ಭಾವಚಿತ್ರವನ್ನು ನೋಡಿ ಆರಂಕಿಯನ್ನು ಕೊಟ್ಟೆವು. ಬಂಧುವು ಕಳುಹಿದನೆಂದು ವಿಡಿಯೋವನ್ನು ದಾಟಿಸಿದೆವು. ಎರಡರಲ್ಲಿಯೂ ನಮ್ಮ ತಪ್ಪು ಒಂದೇ: ಬೇಕಾದವನ ಹೆಸರಿದ್ದುದನ್ನೆಲ್ಲ ಆಪ್ತವಾಕ್ಯವೆಂದು ತಿಳಿದೆವು.

ಇನ್ನು ಗೃಹಸ್ಥರಿಗೂ ಗೃಹಿಣಿಯರಿಗೂ, ನಾವು ಕೈಸುಟ್ಟುಕೊಂಡು ಕಲಿತ ನಾಲ್ಕು ಮಾತುಗಳನ್ನು ಅರಿಕೆ ಮಾಡುತ್ತೇವೆ.

ಫೋನಿಗೆ ಬಂದ ಗುಪ್ತ ಅಂಕಿಗಳನ್ನು ಹೆತ್ತ ಮಗನು ಕೇಳಿದರೂ ಸಂದೇಶದಲ್ಲಿ ತಿಳಿಸಬಾರದು. ಖಾತೆಗೆ ಎರಡನೆಯ ಬೀಗವನ್ನು, ಎಂದರೆ ನಿಮಗೊಬ್ಬರಿಗೇ ಗೊತ್ತಿರುವ ಗುಪ್ತಸಂಖ್ಯೆಯನ್ನು, ಇಂದೇ ಹಾಕಿಸಿರಿ. ನೀವು ಹಾಕದಿದ್ದರೆ ಕಳ್ಳನು ಹಾಕುವನು. ನಿಮ್ಮ ಖಾತೆಯು ಬೇರೆ ಯಾವ ಯಂತ್ರಗಳಲ್ಲಿ ತೆರೆದಿದೆಯೆಂಬುದನ್ನು ಆ್ಯಪಿನಲ್ಲಿ ಆಗಾಗ್ಗೆ ನೋಡಿರಿ. ಹಣವನ್ನು ಬೇಡುವ ಸಂದೇಶ ಬಂದರೆ, ನೀವು ಮೊದಲಿನಿಂದ ಬಲ್ಲ ಸಂಖ್ಯೆಗೆ ಫೋನು ಮಾಡಿ ಮಾತಾಡಿರಿ. ಈಗ ದನಿಯನ್ನೂ ಯಂತ್ರದಿಂದ ಅನುಕರಿಸುತ್ತಾರಾದ್ದರಿಂದ, ಮನೆಯವರಿಗಷ್ಟೇ ಗೊತ್ತಿರುವ ಒಂದು ಪ್ರಶ್ನೆಯನ್ನು ಕೇಳುವದು ಮೇಲು. ಮದುವೆಯ ಆಮಂತ್ರಣವೆಂದು ಬರುವ ಫೈಲುಗಳ ಹೆಸರಿನ ತುದಿಯಲ್ಲಿ ಎ.ಪಿ.ಕೆ. ಎಂಬ ಮೂರು ಅಕ್ಷರಗಳಿದ್ದರೆ ತೆರೆಯಬೇಡಿರಿ. ಅದು ಲಗ್ನಪತ್ರಿಕೆಯಲ್ಲ, ನಿಮ್ಮ ಯಂತ್ರವನ್ನು ಹೊಗುವ ಆ್ಯಪ್.

ಪೋಲೀಸರೆಂದೋ ಸಿ.ಬಿ.ಐ. ಅಧಿಕಾರಿಗಳೆಂದೋ ವೇಷ ಹಾಕಿಕೊಂಡು ವಿಡಿಯೋದಲ್ಲಿ ಕಾಣಿಸಿ, ನಿಮ್ಮನ್ನು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆಂದು ಹೆದರಿಸುವವರೂ ಇದ್ದಾರೆ. ಅಂಥ ಬಂಧನವು ನಮ್ಮ ದೇಶದ ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ಪ್ರಧಾನಮಂತ್ರಿಗಳೇ 2024ರ ಅಕ್ಟೋಬರ್ 27ರಂದು ರೇಡಿಯೋದಲ್ಲಿ ಇದನ್ನು ಹೇಳಿ, ತಡೆಯಿರಿ, ಯೋಚಿಸಿರಿ, ಆಮೇಲೆ ಕ್ರಮ ಕೈಕೊಳ್ಳಿರಿ ಎಂಬರ್ಥದ ಮಾತನ್ನಾಡಿದರು. ಪರರ ಗುಪ್ತಸಂಖ್ಯೆಯನ್ನು ಕದ್ದು ಬಳಸುವದೂ, ಪರರ ವೇಷದಲ್ಲಿ ಕಂಪ್ಯೂಟರ್ ಮೂಲಕ ವಂಚಿಸುವದೂ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಸಿ ಮತ್ತು 66-ಡಿ ಕಲಮುಗಳಂತೆ ಮೂರು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾದ ಅಪರಾಧಗಳು.

ಹಣವು ಹೋದರೆ 1930 ಎಂಬ ಸಂಖ್ಯೆಗೆ ಆ ಕ್ಷಣವೇ ಫೋನು ಮಾಡಿರಿ. ಬ್ಯಾಂಕಿನವರು ಕಳ್ಳನ ಖಾತೆಯಲ್ಲಿ ಹಣವನ್ನು ತಡೆಹಿಡಿಯುವ ಸಾಧ್ಯತೆಯು ಮೊದಲಿನ ಗಳಿಗೆಗಳಲ್ಲಿಯೇ ಹೆಚ್ಚು. ಹೊತ್ತು ಹೋದಂತೆ ಹಣವು ಹತ್ತು ಹೋಳಾಗಿ ಹತ್ತು ಕಡೆಗೆ ಹೋಗುವದು. ನಾವು ಕಳೆದ ಆ ಒಂದು ಹಗಲನ್ನು ನೀವು ಕಳೆಯಬಾರದು. ಮನೆಯ ಕಿರಿಯರಲ್ಲಿಯೂ ಒಂದು ಬಿನ್ನಹ: ಮುದುಕರು ಮೋಸಹೋಗಿ ಬಂದಾಗ ಮೊದಲು ಬೈಯಬೇಡಿರಿ. ಬೈಗುಳಿಗೆ ಅಂಜಿದವನು ಮುಂದಿನ ಸಲ ಮುಚ್ಚಿಡುವನು; ಅವನು ಮುಚ್ಚಿಟ್ಟಷ್ಟು ಹೊತ್ತೂ ಕಳ್ಳನಿಗೆ ಸುಗ್ಗಿ.

ಎಂಟನೆಯ ದಿನ ನಮ್ಮ ಖಾತೆಯು ತಿರುಗಿ ಬಂದಿತು. ಬಳಗಕ್ಕೆ ನಾವು ಬರೆದ ಮೊದಲನೆಯ ಸಂದೇಶದಲ್ಲಿ ನಡೆದುದನ್ನೆಲ್ಲ ಹೇಳಿ ಕ್ಷಮೆಯನ್ನು ಬೇಡಿದೆವು. 2018ರ ವಿಡಿಯೋದ ಮಾತನ್ನೂ ಮುಚ್ಚಲಿಲ್ಲ. ಬಹಳ ಹೊತ್ತಿನವರೆಗೆ ಯಾರೂ ಉತ್ತರವನ್ನು ಬರೆಯಲಿಲ್ಲ. ಆಮೇಲೆ ಒಬ್ಬನು, ತಾನೂ ಅದನ್ನು ಕಳುಹಿದ್ದೆನೆಂದು ಬರೆದನು. ಮತ್ತೊಬ್ಬನು, ತಾನೂ ಎಂದನು. ತೊಗರಿಯ ಹೊಲದ ಶಿಷ್ಯನ ಮಗನಿಗೆ ಮುಂದಿನ ಜೂನ್ ತಿಂಗಳಲ್ಲಿ ಪುಸ್ತಕ, ಫೀಸುಗಳನ್ನು ನಾವು ಕೊಡಿಸಿದೆವು. ಅದಕ್ಕೆ ಅವನು ಬೇಡವೆನ್ನಲಿಲ್ಲ. ಈಗ ಆದಿತ್ಯವಾರ ನಮ್ಮ ಪಡಸಾಲೆಗೆ ನಾಲ್ಕಾರು ಜನ ಹಿರಿಯರೂ ಹೆಣ್ಣುಮಕ್ಕಳೂ ಮೊಬೈಲು ಹಿಡಿದು ಬರುತ್ತಾರೆ. ಎರಡನೆಯ ಬೀಗವನ್ನು ಹಾಕುವದನ್ನು ಹುಮನಾಬಾದಿನ ಶಿಕ್ಷಕಿಯು ಬಂದಾಗ ಅವಳು, ಉಳಿದಾಗ ನಾವು ಕಲಿಸುತ್ತೇವೆ.

ಮನೆಯಲ್ಲಿಯೂ ಒಂದು ಕಟ್ಟಳೆಯಾಗಿದೆ. ನಾವು ಯಾವುದಾದರೂ ಸುದ್ದಿಯನ್ನು ಪರರಿಗೆ ದಾಟಿಸಲು ಬೆರಳೆತ್ತಿದರೆ, ರಜೆಗೆ ಬಂದ ಮೊಮ್ಮಗಳು ಪಕ್ಕದಲ್ಲಿ ಬಂದು ನಿಲ್ಲುತ್ತಾಳೆ. ಅವಳಿಗೆ ನ್ಯಾಯಶಾಸ್ತ್ರವು ತಿಳಿಯದು. ನಾವು ಕಲಿಸಿದ ಒಂದೇ ಪ್ರಶ್ನೆಯನ್ನು ಕೇಳುತ್ತಾಳೆ.

“ಮುತ್ಯಾ, ಇದು ನೀ ಖುದ್ದ ನೋಡೀಯೇನು?”

ಹೆಚ್ಚಿನ ಸಲ ನಾವು ಯಂತ್ರವನ್ನು ಕೆಳಗಿಡುತ್ತೇವೆ.